ಕುರ್ಚಿ ಖಾಲಿ ಇತ್ತು

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮದು ನಾಲ್ಕು ತಲೆಮಾರಿನ ಮನೆ. ಪರರ ವಸ್ತುವನ್ನು ಕೇಳದೆ ಮುಟ್ಟಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ಕೈಗೆ ಕುಂಚ ಕೊಡುವ ಮೊದಲು ಕಲಿಸಿದ್ದೂ ಅದನ್ನೇ.

ಯಜಮಾನರು ಪಾರ್ಶ್ವವಾಯುವಾಗಿ ಮಲಗಿದ್ದ ಒಂಬತ್ತು ವರ್ಷ ನಾನು ಕುಂಚ ಮುಟ್ಟಲಿಲ್ಲ. ಅವರು ಹೋದ ಮೇಲೆ ಬಿಡಿಸಿದ ಮೊದಲ ಚಿತ್ರ, ತಿಕೋಟಾದಲ್ಲಿ ನಾವು ದ್ರಾಕ್ಷಿ ಒಣಗಿಸುವ ಶೆಡ್ಡು. ಅದರ ಮುಂದೆ ಅವರು ಕೂರುತ್ತಿದ್ದ ಕುರ್ಚಿ, ಖಾಲಿ. ಬಬಲೇಶ್ವರದ ಚಿತ್ರ ಪ್ರದರ್ಶನಕ್ಕೆ ಎರಡು ದಿನ ಮೊದಲೇ ಒಪ್ಪಿಸಿ ಬಂದಿದ್ದೆ.

ಪ್ರದರ್ಶನದ ದಿನ ಸಭಾಂಗಣಕ್ಕೆ ಹೋಗಿ ನೋಡಿದರೆ ಕುರ್ಚಿಯಲ್ಲಿ ಕೆಂಪು ರುಮಾಲಿನ, ದೊಡ್ಡ ಮೀಸೆಯ ಗಂಡಸೊಬ್ಬ ಕೂತಿದ್ದ.

"ಇವರು ಯಾರು?" ಎಂದು ಪ್ರದರ್ಶನ ಏರ್ಪಡಿಸಿದ್ದ ಡ್ರಾಯಿಂಗ್ ಮಾಸ್ತರರನ್ನು ಕೇಳಿದೆ.

"ನಾನ ಬಣ್ಣದಾಗ ತಗದು ಕೂಡಿಸೇನ್ರಿ ಬಾಯಾರ. ಖುರ್ಚಿ ಖಾಲಿ ಇತ್ತು, ಮರತೀರಿ ಅಂತ ತಿಳಕೊಂಡೆ. ಈಗ ನೋಡ್ರಿ, ಎಷ್ಟ ಕಳೆ ಬಂದೈತಿ!"

"ನಾನು ಮರೆತಿರಲಿಲ್ಲ. ಅದು ತೀರಿಹೋದ ನಮ್ಮ ಯಜಮಾನರ ಕುರ್ಚಿ."

ಮಾಸ್ತರರು ಗಲ್ಲ ತುರಿಸಿಕೊಂಡರು. "ಹೌದನ್ರಿ? ಅವರಿಗೂ ಮೀಸಿ ಇತ್ತೇನ್ರಿ? ಇರಲಿಲ್ಲಂದ್ರ ಒಂದ ಫೋಟೋ ಕಳಸ್ರಿ, ಅವರಂಗ ತಿದ್ದಿಕೊಡ್ತೇನಿ."

ಹಿಂದೆ ನಿಂತವರು ಮೀಸೆ ಚೆಂದ ಬಂದಿದೆ ಎಂದು ನನ್ನನ್ನೇ ಹೊಗಳುತ್ತಿದ್ದರು. ಕೆಳಗಿದ್ದದ್ದು ನನ್ನ ಹೆಸರಲ್ಲವೇ! ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡು ಬಂದೆ.

ಫೋಟೋ ಕಳಿಸುವುದಿಲ್ಲ. ಮಾಸ್ತರರು ಅದೇ ಸಭಾಂಗಣದಲ್ಲಿ, ಎಲ್ಲರೆದುರು, ನನ್ನ ಕ್ಷಮೆ ಕೇಳಬೇಕು.