ಇಂಟು ಹಾಕಿದ ಹೆಂಚುಗಳು

ಹೆಂಚು ಹೊದಿಸುವ ಕೆಲಸದವರಲ್ಲಿ ಕಿವಿಯಣ್ಣ ಅಂದರೆ ಗೊತ್ತಿಲ್ಲದವರಿಲ್ಲ. ಕಿವಿ ದೊಡ್ಡದು ಅಂತ ಬಂದ ಹೆಸರಲ್ಲ. ಅವನು ಪ್ರತಿಯೊಂದು ಹೆಂಚನ್ನೂ ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿದ ಮೇಲೆಯೇ ಮಾಡಿಗೆ ಹತ್ತಿಸುತ್ತಿದ್ದ. ಚೆನ್ನಾಗಿ ಬೆಂದ ಹೆಂಚು ಠಣ್ ಅನ್ನುತ್ತದೆ. ಅರೆಬೆಂದದ್ದು, ಕಣ್ಣಿಗೆ ಕಾಣದ ಬಿರುಕು ಬಿಟ್ಟದ್ದು ದಬ್ ಅನ್ನುತ್ತದೆ. ದಬ್ ಅಂದದ್ದಕ್ಕೆ ಅವನು 'ಮೂಗ' ಅಂತ ಹೆಸರಿಟ್ಟಿದ್ದ. ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲ್ ತೆಗೆದು ಮೂಗ ಹೆಂಚಿನ ಒಳಮೈ ಮೇಲೆ ಒಂದು ಇಂಟು ಗುರುತು ಹಾಕಿ ಬೇರೆ ಇಡುತ್ತಿದ್ದ. ಯಾರೂ ಮರೆತು ಎತ್ತಿಕೊಳ್ಳಬಾರದು ಅಂತ.

ಅವನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಅವನ ಹೆಸರು ಕೆಡಿಸಿದವನು ನಾನೇ. ಆದ್ದರಿಂದ ಬರೆಯಬೇಕಾದವನೂ ನಾನೇ.

ನಾನು ಕೆಲಸ ಕಲಿತದ್ದು ಅವನ ಹತ್ತಿರ. ಏಣಿ ಹತ್ತಿದರೆ ಕಾಲು ನಡುಗುತ್ತಿದ್ದ ದಿನಗಳಲ್ಲಿ ಒಂದು ಮೆಟ್ಟಿಲು ಕೆಳಗೆ ನಿಂತು, "ನೆಲ ಎಲ್ಲೂ ಓಡಿಹೋಗಲ್ಲ, ನಿನ್ನ ಕೈ ನೋಡ್ಕೋ" ಅನ್ನುತ್ತಿದ್ದ. ಮುಂದೆ ನಾನೇ ಕೆಲಸ ಹಿಡಿಯುವ ಮೇಸ್ತ್ರಿಯಾದೆ, ಅವನು ನನ್ನ ಕೈಕೆಳಗೆ ಬಂದ. ಅದಕ್ಕೆ ಅವನಿಗೇನೂ ಬೇಜಾರಿರಲಿಲ್ಲ. ಎಲ್ಲರೂ ನನ್ನನ್ನು ಮೇಸ್ತ್ರಿ ಅಂದರೆ ಅವನೊಬ್ಬ ತಮ್ಮ ಅನ್ನುತ್ತಿದ್ದ. ನಿಜ ಹೇಳಬೇಕೆಂದರೆ ಬೇಜಾರಿದ್ದದ್ದು ನನಗೆ. ನಾಲ್ಕು ಜನರ ಎದುರು ತಮ್ಮ ಅಂದಾಗ ಮೈ ಉರಿಯುತ್ತಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು.

ಒಂದೇ ಸಾಲಿನಲ್ಲಿ ನಾಲ್ಕು ಹೊಸ ಮನೆಗಳ ಮಾಡು ಹೊದಿಸುವ ಕೆಲಸ ಸಿಕ್ಕಿತ್ತು. ನಾಲ್ಕೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಎರಡು ಕೋಣೆ, ಹಲಗೆಯ ಒಳಚಾವಣಿ, ಅದರ ಮೇಲೆ ಹೆಂಚು. ಮೊದಲ ಮನೆಗೆ ಹಳೆಯ ಕಾರ್ಖಾನೆಯ ಹೆಂಚು ಹಾಕಿದೆವು. ಉಳಿದ ಮೂರಕ್ಕೆ ಹೊಸ ಕಡೆಯಿಂದ ಲೋಡು ಬಂತು. ನೋಡಲು ಕೆಂಪಗೆ, ನುಣ್ಣಗೆ, ಹೊಳೆಯುತ್ತಿತ್ತು. ಕಿವಿಯಣ್ಣ ಎರಡನೇ ಮನೆಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ತಟ್ಟಲು ಶುರು ಮಾಡಿದ. ಠಣ್, ಠಣ್, ದಬ್. ಠಣ್, ದಬ್. ಮಧ್ಯಾಹ್ನದ ಹೊತ್ತಿಗೆ ಇಂಟು ಹಾಕಿದ ರಾಶಿ ಅವನ ಸೊಂಟದೆತ್ತರ ಬೆಳೆದಿತ್ತು.

"ತಮ್ಮ, ಈ ಲೋಡು ವಾಪಸ್ ಕಳಿಸು. ಭಟ್ಟಿಯಿಂದ ಅವಸರದಲ್ಲಿ ತೆಗೆದಿದ್ದಾರೆ. ಒಳಗೆ ಬೆಂದೇ ಇಲ್ಲ" ಅಂದ.

ವಾಪಸ್ ಕಳಿಸಿದರೆ ಬೇರೆ ಬರಲು ಎರಡು ವಾರ. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು, ಮನೆಯವರು ಬಂದು ಸೇರುವ ದಿನ ಗೊತ್ತಾಗಿತ್ತು. ನನ್ನ ತಲೆ ಕಾದ ಬಾಣಲೆಯಂತಾಗಿತ್ತು.

"ಹೆಂಚು ಹೊದಿಸಕ್ಕೆ ಬಂದಿದ್ದೀಯೋ, ಅದರ ಜೊತೆ ಸಂಸಾರ ಮಾಡಕ್ಕೆ ಬಂದಿದ್ದೀಯೋ?" ಅಂದೆ. ಆಳುಗಳು ನಕ್ಕರು. ನಕ್ಕದ್ದು ನನಗೆ ಇನ್ನಷ್ಟು ಹುರುಪು ಕೊಟ್ಟಿತು. "ಹೆಂಚು ಮೂಗ ಅಲ್ಲ ಕಣಣ್ಣ, ನೀನು ಕಿವುಡ ಆಗಿದ್ದೀಯ. ನಿನಗೆ ಕೇಳಲ್ಲ ಅಂತ ಒಳ್ಳೆ ಹೆಂಚಿನ ಮೇಲೆ ಇಂಟು ಹಾಕ್ತಿದ್ದೀಯ."

ಈ ಸಲ ಯಾರೂ ನಗಲಿಲ್ಲ. ಅವನು ಕೈಯಲ್ಲಿದ್ದ ಹೆಂಚನ್ನು ಮಗುವನ್ನು ಮಲಗಿಸುವ ಹಾಗೆ ಕೆಳಗಿಟ್ಟ. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡ. ಊಟದ ಡಬ್ಬಿ ಎತ್ತಿಕೊಂಡು ಗೇಟಿನ ಹತ್ತಿರ ಹೋಗಿ ನಿಂತು, "ಹಾಗಾದ್ರೆ ಕಿವಿ ಇರೋರನ್ನ ಕರ್ಕೋ" ಅಂದು ಹೊರಟುಹೋದ.

ಆಳುಗಳು ಆ ರಾಶಿಯನ್ನು ಮುಟ್ಟಲು ಹಿಂದೆ ಮುಂದೆ ನೋಡಿದರು. ನಾನೇ ಮೇಲೆ ಹತ್ತಿ, ಇಂಟು ಹಾಕಿದ್ದನ್ನೆಲ್ಲ ನನ್ನ ಕೈಯಾರೆ ಎರಡನೇ ಮನೆಗೆ ಹೊದಿಸಿದೆ. ಗುರುತು ಒಳಮೈಗೆ ಇತ್ತು, ಕೆಳಗೆ ಹಲಗೆ ಇತ್ತು. ಯಾರಿಗೂ ಕಾಣುತ್ತಿರಲಿಲ್ಲ. ಮೂರನೇ ಮತ್ತು ನಾಲ್ಕನೇ ಮನೆಗೆ ತಟ್ಟುವ ಗೋಜೇ ಇಲ್ಲದೆ ಬಂದ ಹೆಂಚು ಬಂದ ಹಾಗೆ ಹಾಕಿಸಿದೆ. ನಾಲ್ಕೇ ದಿನದಲ್ಲಿ ಕೆಲಸ ಮುಗಿಯಿತು ಅಂತ ಮನೆಯಲ್ಲಿ ಹೆಂಡತಿಯ ಮುಂದೆ ಜಂಬ ಕೊಚ್ಚಿದ್ದೂ ಉಂಟು. "ಅಣ್ಣ ಯಾಕೆ ಬರ್ಲಿಲ್ಲ?" ಅಂತ ಅವಳು ಕೇಳಿದಳು. "ಹುಷಾರಿಲ್ಲ" ಅಂದೆ.

ಅರೆಬೆಂದ ಹೆಂಚು ಮೊದಲ ಮಳೆಗೆ ಸೋರುವುದಿಲ್ಲ. ನೀರು ಕುಡಿಯುತ್ತದೆ. ಹೊಟ್ಟೆ ತುಂಬಿದ ಮೇಲೆ ಕಕ್ಕುತ್ತದೆ. ಮೂರು ವಾರದ ಮಳೆಯಾದ ಮೇಲೆ ಎರಡನೇ ಮನೆಯಿಂದ ಫೋನ್ ಬಂತು. ಆ ಮನೆಯಾಕೆ ಟೈಲರ್. ಮುಂದಿನ ಕೋಣೆಯಲ್ಲೇ ಅವರ ಹೊಲಿಗೆ. ಹೋಗಿ ನೋಡಿದರೆ ಮಷಿನ್ನಿನ ಮೇಲೆ ಪ್ಲಾಸ್ಟಿಕ್ ಹಾಳೆ, ನೆಲದಲ್ಲಿ ಮೂರು ಬಕೆಟ್, ಹಲಗೆಯ ಮೇಲೆ ಚಹಾ ಚೆಲ್ಲಿದಂಥ ಕಲೆ. ಯಾರದೋ ಬಿಳಿ ಅಂಗಿಯ ಬೆನ್ನಿಗೆ ಕಂದು ನೀರು ಬಿದ್ದಿತ್ತು.

ಆಗಲಾದರೂ ನಿಜ ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ಹೆಂಚಲ್ಲಿ ದೋಷ ಇಲ್ಲಮ್ಮ. ಹೊದಿಸಿದೋನಿಗೆ ವಯಸ್ಸಾಗಿದೆ. ಕಿವಿ ಕೇಳಲ್ಲ, ಕಣ್ಣೂ ಅಷ್ಟಕ್ಕಷ್ಟೇ. ಪಾಪ ಅಂತ ಇಟ್ಕೊಂಡಿದ್ದೆ, ಈಗ ಬಿಡಿಸಿದ್ದೀನಿ."

ಟೈಲರಮ್ಮನ ಹತ್ತಿರ ದಿನಕ್ಕೆ ಹತ್ತು ಜನ ಅಳತೆ ಕೊಡಲು ಬರುತ್ತಾರೆ. ಅಳತೆ ಕೊಡುವವರು ಸುಮ್ಮನೆ ನಿಲ್ಲಬೇಕು, ತೆಗೆದುಕೊಳ್ಳುವವರು ಮಾತಾಡಬಹುದು. ಮಾಡು ಯಾಕೆ ಸೋರುತ್ತಿದೆ ಅಂತ ಕೇಳಿದವರಿಗೆಲ್ಲ ಆಕೆ ನಾನು ಹೇಳಿದ್ದನ್ನೇ ಹೇಳಿದರು. ಸುಳ್ಳು ಅಂತ ಆಕೆಗೇನು ಗೊತ್ತು? ಕಿವಿಯಣ್ಣ ಎರಡು ಕಡೆ ಕೆಲಸ ಕೇಳಲು ಹೋದಾಗ, "ನೀವು ಮನೇಲಿ ಆರಾಮಾಗಿರಿ ಯಜಮಾನ್ರೇ" ಅಂದು ಕಳಿಸಿದರಂತೆ. ಆಮೇಲೆ ಒಂದು ದಿನ ಕಬ್ಬಿಣದ ಅಂಗಡಿಯ ಮುಂದೆ ಹಾದು ಹೋಗುವಾಗ ನೋಡಿದೆ. ಒಳಗೆ ಸ್ಟೂಲಿನ ಮೇಲೆ ಕೂತು ಮೊಳೆ ತೂಗುತ್ತಿದ್ದ. ನಲವತ್ತು ವರ್ಷ ಮಾಡಿನ ನೆತ್ತಿಯ ಮೇಲೆ ಕೂತವನು. ನಾನು ರಸ್ತೆ ದಾಟಿ ಆ ಕಡೆ ಹೋದೆ.

ಮಳೆ ಬಿಡುವು ಕೊಟ್ಟಾಗ ಟೈಲರಮ್ಮನ ಮಾಡು ಬಿಚ್ಚಲೇಬೇಕಾಯಿತು. ಸೋರಿದ ಜಾಗದ ಹೆಂಚನ್ನು ಯಾರಿಗೂ ಕಾಣದಂತೆ ಹಿಂದಿನ ಅಂಗಳಕ್ಕೆ ಇಳಿಸಬೇಕು ಅಂದುಕೊಂಡು ಒಬ್ಬನೇ ಹೋದೆ. ಆಕೆ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದು ಏಣಿ ಹಿಡಿದು ನಿಂತರು. "ನೀವು ಬಿದ್ರೆ ನನ್ನ ಮಾಡು ಯಾರು ಮಾಡ್ತಾರೆ? ಇಲ್ಲಿ ಕೊಡಿ, ನಾನು ಕೆಳಗಿಡ್ತೀನಿ" ಅಂದರು. ಬೇಡ ಅನ್ನಲು ನೆಪ ಸಿಗಲಿಲ್ಲ. ಒಂದು ಕೊಟ್ಟೆ, ಎರಡು ಕೊಟ್ಟೆ.

"ಮೇಸ್ತ್ರಿ, ಇದೇನು ಇಂಟು?"

"ಅದು ಕಾರ್ಖಾನೆ ಗುರುತಮ್ಮ."

ಆಕೆ ಎರಡೂ ಹೆಂಚನ್ನು ಪಕ್ಕ ಪಕ್ಕ ಹಿಡಿದರು. "ಹೌದಾ? ನಾನು ದಿನಾ ಬಟ್ಟೆ ಮೇಲೆ ಗುರುತು ಹಾಕೋಳು. ಕಾರ್ಖಾನೆದು ಒತ್ತಿದ ಹಾಗಿರತ್ತೆ, ಒಂದರ ಹಾಗೆ ಒಂದು. ಇದು ಕೈಯಲ್ಲಿ ಗೀಚಿದ್ದು, ಪೆನ್ಸಿಲಲ್ಲಿ. ಸೋರೋ ಜಾಗದಲ್ಲೇ ಯಾಕಿದೆ?"

ನನಗೆ ರೇಗಿತು. ತಪ್ಪು ಸಿಕ್ಕಿಬಿದ್ದಾಗ ನನಗೆ ಮೊದಲು ಬರುವುದು ಕೋಪವೇ. "ನೀವು ಹೊಲಿಗೆ ನೋಡ್ಕೊಳ್ಳಿ, ಮಾಡಿನ ವಿಷಯ ನನಗೆ ಬಿಡಿ" ಅಂದೆ. ಹೊದಿಸಿದವನು ಈಗ ಎಲ್ಲಿದ್ದಾನೆ ಅಂತ ಅಳತೆ ಕೊಡಲು ಬಂದವರಿಂದ ಆಕೆಗೆ ಗೊತ್ತಾಗಿತ್ತು. ಒಳಗೆ ಹೋಗಿ ಕಬ್ಬಿಣದ ಅಂಗಡಿಗೆ ಫೋನ್ ಮಾಡಿದರು. ಅರ್ಧ ಗಂಟೆಗೆ ಕಿವಿಯಣ್ಣ ಬಂದ. ಮಾಡಿನ ಮೇಲೆ ಕೂತ ನನಗೆ ಇಳಿದು ಓಡಲೂ ದಾರಿ ಇರಲಿಲ್ಲ, ಏಣಿಯ ಬುಡದಲ್ಲೇ ಇಬ್ಬರೂ ನಿಂತಿದ್ದರು.

"ಯಜಮಾನ್ರೇ, ಇದು ಯಾರು ಹಾಕಿದ ಗುರುತು?"

ಅವನು ಹೆಂಚನ್ನು ತಿರುಗಿಸಿ ನೋಡಿದ. ತಲೆ ಎತ್ತಿ ನನ್ನನ್ನು ನೋಡಿದ. ಕಿವಿಯಲ್ಲಿ ಅದೇ ಪೆನ್ಸಿಲ್ ಇತ್ತು, ಈಗ ಅದರಲ್ಲಿ ಮೊಳೆಯ ಲೆಕ್ಕ ಬರೆಯುತ್ತಿದ್ದನೋ ಏನೋ.

"ಮೇಸ್ತ್ರಿ ಏನಂದ್ರು?" ಅಂತ ಕೇಳಿದ.

"ಕಾರ್ಖಾನೆದು ಅಂದ್ರು."

"ಹಾಗಾದ್ರೆ ಹಾಗೇ ಇರ್ಬೇಕು ಬಿಡಮ್ಮ" ಅಂದು ಹೆಂಚನ್ನು ಗೋಡೆಗೆ ಒರಗಿಸಿಟ್ಟ.

ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ನನ್ನನ್ನು ಮೇಸ್ತ್ರಿ ಅಂದ. ಅಷ್ಟು ದಿನ ಬೇಕು ಬೇಕು ಅಂದುಕೊಂಡ ಮಾತು. ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ನಾನು ನನ್ನ ಕೈ ನೋಡಿಕೊಂಡೆ.

"ಗುರುತು ಅವನದು" ಅಂದೆ. ದನಿ ಕೆಳಗೆ ಮುಟ್ಟಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ಗುರುತು ಅವನದಮ್ಮ. ಇವು ಕೆಟ್ಟ ಹೆಂಚು ಅಂತ ಬೇರೆ ಇಟ್ಟಿದ್ದ. ನಾನು ಬೈದು ಓಡಿಸಿ, ನಾನೇ ಹೊದಿಸಿದೆ. ಕಿವುಡ ಅಂದದ್ದೂ ಸುಳ್ಳು."

ಟೈಲರಮ್ಮ ಕೊರಳ ಟೇಪನ್ನು ತೆಗೆದು ಬೆರಳಿಗೆ ಸುತ್ತಿಕೊಂಡರು. "ನಿಮ್ಮ ಮಾತು ನಂಬಿ ಬಂದೋರಿಗೆಲ್ಲ ಹೇಳಿದ್ನಲ್ಲ ಮೇಸ್ತ್ರಿ. ನನ್ನ ಬಾಯಲ್ಲೂ ಪಾಪ ಮಾಡಿಸಿದ್ರಿ" ಅಂದರು. ಆಮೇಲೆ ಕಿವಿಯಣ್ಣನಿಗೆ ಕುರ್ಚಿ ತರಲು ಒಳಗೆ ಹೋದರು. ನನಗೆ ಏಣಿ ಹಿಡಿಯುವವರು ಇರಲಿಲ್ಲ. ನಾನೇ ಇಳಿದೆ.

"ನೀನೇ ಯಾಕೆ ಹೇಳ್ಲಿಲ್ಲಣ್ಣ?" ಅಂದೆ.

"ನಾನು ಹೇಳಿದ್ರೆ ಕೆಲಸ ಹೋದ ಮುದುಕನ ಹೊಟ್ಟೆಕಿಚ್ಚು ಅಂತಿದ್ರು. ನೀನು ಕೆಡಿಸಿದ್ದನ್ನ ನೀನೇ ಹೇಳ್ಬೇಕಿತ್ತು."

ಮೂರನೇ, ನಾಲ್ಕನೇ ಮನೆಯ ಮಾಡಿನಲ್ಲಿ ಇಂಟು ಗುರುತೇ ಇರಲಿಲ್ಲ. ಯಾವುದು ಬೆಂದದ್ದು, ಯಾವುದು ಮೂಗ ಅಂತ ಅವನ ಕಿವಿ ಒಂದೇ ಹೇಳಬಲ್ಲದು. ಬಾ ಅಂತ ಕರೆಯಲು ಬಾಯಿ ಬರಲಿಲ್ಲ. ಅವನೇ ಅಂದ: "ಹೊರೋದು ನೀನು. ತಟ್ಟೋದು ನಾನು. ಪ್ರತಿ ಮನೆ ಬಾಗಿಲಲ್ಲೂ ಮೊದಲು ನೀನು ಮಾತಾಡ್ಬೇಕು. ಒಪ್ಪಿದ್ರೆ ನಾಳೆ ಬೆಳಿಗ್ಗೆ ಬರ್ತೀನಿ."

ಮಾರನೇ ದಿನ ಮೂರನೇ ಮನೆಯ ಬಾಗಿಲಲ್ಲಿ ನಾನು ನೆಲ ನೋಡಿಕೊಂಡು ತಪ್ಪು ಒಪ್ಪಿಕೊಂಡೆ. ಅವನು ನನ್ನ ಎಡಕ್ಕಿದ್ದವನು ಸುತ್ತಿ ಬಂದು ಬಲಕ್ಕೆ ನಿಂತ. "ಇನ್ನೊಂದ್ಸಲ ಹೇಳು" ಅಂದ. ಹಂಗಿಸುತ್ತಿದ್ದಾನೆ ಅಂದುಕೊಂಡೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವನಾಗಿಯೇ ಹೇಳಿದ.

"ಬಲಗಿವಿ ನಿಜವಾಗ್ಲೂ ಮಂದ ಆಗಿದೆ ಕಣೋ, ಎರಡು ವರ್ಷದಿಂದ. ಹೆಂಚಿಗೆ ಎಡಗಿವಿ ಸಾಕು. ನೀನು ಅವತ್ತು ಎಲ್ಲರ ಮುಂದೆ ಕಿವುಡ ಅಂದಾಗ, ಇವನಿಗೆ ಹೇಗೆ ಗೊತ್ತಾಯ್ತು ಅಂತ ಎದೆ ಧಸಕ್ ಅಂತು. ಅದಕ್ಕೇ ಎದುರು ಮಾತಾಡದೆ ಹೋದದ್ದು."

ಕೈಯಲ್ಲಿದ್ದ ತುತ್ತು ಡಬ್ಬಿಗೇ ಬಿತ್ತು. ಸುಳ್ಳು ಅಂದುಕೊಂಡು ಆಡಿದ ಮಾತು ಅವನು ಮುಚ್ಚಿಟ್ಟುಕೊಂಡಿದ್ದ ಜಾಗಕ್ಕೇ ಹೋಗಿ ತಾಗಿತ್ತು.

ಈಗ ನಾಲ್ಕೂ ಮನೆ ಸೋರುವುದಿಲ್ಲ. ಕಿವಿಯಣ್ಣ ಮೊಳೆ ತೂಗುವುದು ಬಿಟ್ಟಿದ್ದಾನೆ. ಆದರೂ ಹೊಸ ಕೆಲಸ ಮಾತಾಡಲು ಇಬ್ಬರೂ ಹೋದಲ್ಲಿ, ಜೊತೆಗಿರುವವನೇ ಅವನು ಅಂತ ಗೊತ್ತಿಲ್ಲದೆ, ಯಾರಾದರೂ ತಗ್ಗಿದ ದನಿಯಲ್ಲಿ, "ಆ ಕಿವುಡಜ್ಜನ್ನ ಮಾತ್ರ ಕರ್ಕೊಂಡು ಬರ್ಬೇಡಿ ಮೇಸ್ತ್ರಿ, ಮಾಡು ಸೋರತ್ತಂತೆ" ಅನ್ನುತ್ತಾರೆ. ಹೋದ ವಾರವೂ ಒಬ್ಬರು ಅಂದರು. ಆಗ ನಾನು ಅವನ ಎಡಕ್ಕೆ ಹೋಗಿ ನಿಂತು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ, ಮೊದಲಿಂದ ಎಲ್ಲ ಹೇಳುತ್ತೇನೆ.