ಕಿವಿರು ಎತ್ತಿ ನೋಡಿದ ಮಾಸ್ತರು

ಫಳಫಳ ಹೊಳೆಯುವ ಬಂಗಡೆಗಳನ್ನೇ ಹುಡುಕಿ ಚೀಲಕ್ಕೆ ಹಾಕುತ್ತಿದ್ದೆ. ಅಂಕೋಲೆ ಮೀನುಪೇಟೆಯಲ್ಲಿ ಬುಟ್ಟಿಯ ಹಿಂದೆ ಕುಳಿತಿದ್ದ ಸುಮಿತ್ರಾ, ನನ್ನ ಹಳೇ ವಿದ್ಯಾರ್ಥಿನಿ, ನಕ್ಕುಬಿಟ್ಟಳು.

"ಅಲ್ರಾ ಮಾಸ್ತರ್ರೆ, ಮೀನಿನ ಕಿವಿರಿನ ಚಿತ್ರ ತಪ್ಪಾಯ್ತು ಅಂತ ನನ್ನ ಬೆಂಚಿನ ಮೇಲೆ ನಿಲ್ಸಿದ್ರಿ. ಈಗ ನೀವು ಒಂದಾದ್ರೂ ಕಿವಿರು ಎತ್ತಿ ನೋಡಿದ್ರಾ? ನೀರು ಹೊಡದ್ರೆ ನಿನ್ನೆ ಮೀನೂ ಹೊಳೀತದೆ."

ಎತ್ತಿ ನೋಡಿದೆ. ನಿವೃತ್ತಿಯವರೆಗೂ ಬೋರ್ಡಿನ ಮೇಲೆ ನಾನು ಕೆಂಪು ಸೀಮೆಸುಣ್ಣದಲ್ಲಿ ಬಿಡಿಸಿದ ಕಿವಿರು ಇಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ತಾಜಾ ಯಾವುದೆಂದು ಕೇಳಿದರೆ, "ನಂಗೆ ಯಾರೂ ಹೇಳ್ಕೊಡ್ಲಿಲ್ಲ, ನೀವೂ ನೋಡಿ ಕಲೀರಿ" ಎಂದಳು.

ಈಗ ವಾರವಾರವೂ ನಾನೇ ಆರಿಸುತ್ತೇನೆ. ತಪ್ಪಿದ್ದನ್ನು ಅವಳು ಬುಟ್ಟಿಗೆ ಮರಳಿಸುತ್ತಾಳೆ. ಮೊನ್ನೆ ಒಂದನ್ನೂ ಮರಳಿಸಲಿಲ್ಲ. ಮನೆಗೆ ಬಂದು "ಪಾಸಾದೆ" ಎಂದೆ. ಹೆಂಡತಿ ಚೀಲ ಬಿಚ್ಚಿ, ಒಂದೊಂದೇ ಮೀನಿನ ಕಿವಿರು ಎತ್ತಿ ನೋಡತೊಡಗಿದಳು.