ಸೋದರಮಾವನ ವಿಮಾನ

"ಸ್ವಾಮಿ, ಇನ್ನೆರಡು ಮಂತ್ರ ಜಾಸ್ತಿ ಏಳಿ. ನಮ್ಮಣ್ಣ ಒಸಕೋಟೆ ದಾಟವ್ನಂತೆ." ಬಂಗಾರಪೇಟೆಯ ಛತ್ರದಲ್ಲಿ, ಮಂಟಪದಿಂದ ದೂರ ನಿಂತೇ ವಧುವಿನ ತಾಯಿ ಪುರೋಹಿತನಾದ ನನ್ನನ್ನು ಬೇಡಿದರು. ಪತಿ ತೀರಿಕೊಂಡಿದ್ದುದರಿಂದ ಆಕೆ ಮುಂದೆ ಬರುವಂತಿರಲಿಲ್ಲ. ವಧುವನ್ನು ಹಸೆಮಣೆಗೆ ಕರೆತರಬೇಕಾದವರು ಸೋದರಮಾವ. ದೆಹಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಮೂರೇ ಗಂಟೆಯೆಂದು ಎಣಿಸಿದ್ದ ಮನೆಯವರು, ದೇವನಹಳ್ಳಿಯಿಂದ ಇಲ್ಲಿಯವರೆಗಿನ ರಸ್ತೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ವಿಧಿಯಲ್ಲಿಲ್ಲದ ಸ್ತೋತ್ರಗಳನ್ನೂ ಪಠಿಸಿದೆ. ಕಣ್ಣು ಗಡಿಯಾರಕ್ಕೂ ಬಾಗಿಲಿಗೂ ಅಲೆಯುತ್ತಿತ್ತು. ಮುಹೂರ್ತ ಮುಗಿಯುತ್ತ ಬಂದಾಗ, "ತಾಯಿ, ನೀವೇ ಮಗಳನ್ನ ಕರ್ಕೊಂಡು ಬನ್ನಿ," ಎಂದೆ.

"ನಾನಾ ಸ್ವಾಮಿ? ಬರಬೌದಾ?" ಎನ್ನುತ್ತಲೇ ಆಕೆ ಮಗಳ ಕೈ ಹಿಡಿದು ನಡೆದುಬಂದರು. ಅಣ್ಣ ತಲುಪುವಷ್ಟರಲ್ಲಿ ಮಾಂಗಲ್ಯಧಾರಣೆ ಮುಗಿದಿತ್ತು.

ಆತ ಸಕಾಲಕ್ಕೆ ಬಂದಿದ್ದರೆ ನಾನು ಆ ತಾಯಿಯನ್ನು ಕರೆಯುತ್ತಲೇ ಇರಲಿಲ್ಲ. ಈ ಚಿಂತೆ ನನ್ನನ್ನು ಇಂದಿಗೂ ಸುಮ್ಮನಿರಗೊಡುವುದಿಲ್ಲ.